ಕುದುರೆ ಹಿಡ್ಕೊಳ್ಳೋರು ಯಾರು?

ಹನ್ನೆರಡು ವರ್ಷದಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದೇ ನನ್ನ ಕೆಲಸ. ಬ್ಯಾಂಕಿನ ಅರ್ಜಿ, ಔಷಧಿ ಡಬ್ಬಿಯ ಚೀಟಿ, ಶಾಲೆ ಪುಸ್ತಕ, ಎಲ್ಲ ಮಾಡಿದ್ದೇನೆ. ಎರಡು ವರ್ಷದ ಹಿಂದೆ ಮೊದಲ ಮಹಾಯುದ್ಧದ ಬಗ್ಗೆ ಒಂದು ಪುಸ್ತಕ ಕೈಗೆ ಬಂತು. ಅದರಲ್ಲಿ ಎರಡು ಅಧ್ಯಾಯ ಬ್ರಿಟಿಷ್ ಸೈನ್ಯದ ಕುದುರೆ ದಳದ್ದು. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಟ್ರೂಪ್, ಸ್ಕ್ವಾಡ್ರನ್, ರೆಜಿಮೆಂಟ್, ಬ್ರಿಗೇಡ್, ಡಿವಿಷನ್, ಕೋರ್. ಇವಕ್ಕೆಲ್ಲ ಕನ್ನಡದಲ್ಲಿ ಪದಗಳಿಗೇನು ಬರ ಅಂದುಕೊಂಡೆ. ಪಡೆ ಇದೆ, ದಳ ಇದೆ, ತುಕಡಿ ಇದೆ, ತಂಡ ಇದೆ. ಒಂದೇ ಪದ ಪದೇ ಪದೇ ಬಂದರೆ ಓದುವವರಿಗೆ ಬೇಜಾರಾಗುತ್ತದೆ ಅಂತ ಅದಲು ಬದಲು ಮಾಡಿ ಹಾಕಿದೆ.

ಪ್ರಕಾಶಕರು ಕರಡನ್ನು ಹಾಸನದ ಕಡೆಯ ಒಬ್ಬ ಹಿರಿಯರಿಗೆ ಓದಲು ಕೊಟ್ಟಿದ್ದರು. ನಮ್ಮ ಸೇನೆಯ ಟ್ಯಾಂಕ್ ರೆಜಿಮೆಂಟಿನಲ್ಲಿ ದಫೇದಾರ್, ಅಂದರೆ ಹವಾಲ್ದಾರರಿಗೆ ಸಮನಾದ ಹುದ್ದೆಯಲ್ಲಿ, ಇದ್ದು ನಿವೃತ್ತರಾದವರು. ಅವರು ನನ್ನನ್ನು ಮನೆಗೇ ಕರೆಸಿದರು. ಜಗಲಿ ಮೇಲೆ ಕೂತು ಒಂದು ಸಾಲಿಗೆ ಬೆರಳಿಟ್ಟು, 'ಇದನ್ನ ಓದಮ್ಮ' ಅಂದರು. ಓದಿದೆ. 'ರೆಜಿಮೆಂಟಿನ 549 ಮಂದಿ ಕುದುರೆಯಿಂದ ಇಳಿದು, ಬಂದೂಕು ಹಿಡಿದು ಬೇಲಿ ಉದ್ದಕ್ಕೂ ಸಾಲಾಗಿ ನಿಂತರು.' ಮೂಲದಲ್ಲಿ ಆ ಸಾಲಿನಲ್ಲಿ ಸಂಖ್ಯೆ ಇರಲಿಲ್ಲ. ಹಿಂದಿನ ಪುಟದಲ್ಲಿತ್ತು. ಚಿತ್ರ ಕಣ್ಣಿಗೆ ಕಟ್ಟಲಿ ಅಂತ ನಾನೇ ತಂದು ಸೇರಿಸಿದ್ದೆ.

'ಎಲ್ಲರೂ ಇಳಿದ್ರು, ಸರಿ. ಕುದುರೆ ಹಿಡ್ಕೊಳ್ಳೋರು ಯಾರಮ್ಮ?'

ನನಗೆ ಮಾತೇ ಹೊರಡಲಿಲ್ಲ. ಅವರು ಬೆಂಕಿಪೊಟ್ಟಣ ತೆಗೆದು ನೆಲದ ಮೇಲೆ ನಾಲ್ಕು ಕಡ್ಡಿ ಇಟ್ಟರು. ಮೂರನ್ನು ಮುಂದಕ್ಕೆ ತಳ್ಳಿದರು. ಒಂದನ್ನು ಹಿಂದೆಯೇ ಬಿಟ್ಟರು. ಆ ಒಬ್ಬ ತನ್ನ ಕುದುರೆಯ ಜೊತೆ ಉಳಿದ ಮೂವರ ಕುದುರೆಗಳ ಲಗಾಮನ್ನೂ ಹಿಡಿದು ಮರೆಯಲ್ಲಿ ನಿಲ್ಲಬೇಕು. ಗುಂಡು ಹಾರಿಸಲು ಉಳಿದವರು ಮೂರೇ ಜನ. ಸವಾರರು ನೆಲಕ್ಕಿಳಿದ ಗಳಿಗೆಯಲ್ಲೇ ಬಂದೂಕಿನ ಲೆಕ್ಕದಲ್ಲಿ ಕಾಲು ಭಾಗ ಕಮ್ಮಿ. ಅಡುಗೆಯವರು, ಲಾಳ ಕಟ್ಟುವವರು, ಗಾಡಿ ಹೊಡೆಯುವವರು ಬೇರೆ. ನನ್ನ 549 ಅಲ್ಲೇ ಬಿದ್ದು ಹೋಯಿತು.

ಮನೆಗೆ ಬಂದು ಮೊದಲಿಂದ ಶುರು ಮಾಡಿದೆ. ಅನುವಾದ ಪಕ್ಕಕ್ಕಿಟ್ಟು, ಒಂದು ದೊಡ್ಡ ಹಾಳೆಯಲ್ಲಿ ಯಾವುದರ ಮೇಲೆ ಯಾವುದು ಅಂತ ಏಣಿಯ ಹಾಗೆ ಬರೆದೆ. 1914ರ ಯುದ್ಧಕಾಲದ ಲೆಕ್ಕ ಹೀಗಿತ್ತು. ಒಂದು ರೆಜಿಮೆಂಟಿನಲ್ಲಿ 26 ಅಧಿಕಾರಿಗಳು, 523 ಇತರರು. ಅದರಲ್ಲಿ 3 ಸ್ಕ್ವಾಡ್ರನ್, ಒಂದೊಂದರಲ್ಲಿ 4 ಟ್ರೂಪ್. ಇಡೀ ರೆಜಿಮೆಂಟಿಗೆ ಮೆಷಿನ್ ಗನ್ ಎರಡೇ ಎರಡು. ಮೂರು ರೆಜಿಮೆಂಟ್ ಸೇರಿದರೆ ಬ್ರಿಗೇಡ್. ಡ್ರಗೂನ್, ಲ್ಯಾನ್ಸರ್, ಹುಸ್ಸಾರ್ ಅಂತ ಹೆಸರುಗಳು ಬೇರೆ ಬೇರೆ ಇದ್ದರೂ ಅಷ್ಟು ಹೊತ್ತಿಗೆ ಎಲ್ಲದರ ಕಟ್ಟು ಒಂದೇ. ಆ ಆಗಸ್ಟಿನಲ್ಲಿ ಫ್ರಾನ್ಸಿಗೆ ದಾಟಿದ, ಬ್ರಿಟಿಷ್ ಜನರಲ್ ಅಲೆನ್‌ಬಿಯ ಕುದುರೆ ಡಿವಿಷನ್ನಿನಲ್ಲಿ 4 ಬ್ರಿಗೇಡ್ ಇದ್ದವು. ಸುಮಾರು 9 ಸಾವಿರ ಜನ, ಹತ್ತಿರ ಹತ್ತಿರ 10 ಸಾವಿರ ಕುದುರೆ. ಜನಕ್ಕಿಂತ ಕುದುರೆಯೇ ಜಾಸ್ತಿ! ಫಿರಂಗಿ ಎಳೆಯಬೇಕು, ಮದ್ದುಗುಂಡಿನ ಗಾಡಿ ಎಳೆಯಬೇಕು, ಮೇವು ಹೊರಬೇಕು, ಅಲ್ವಾ.

ಆ ಹಾಳೆ ಬರೆಯದಿದ್ದರೆ ಇನ್ನೊಂದು ಕಡೆ ಖಂಡಿತ ಎಡವುತ್ತಿದ್ದೆ. ಡಿವಿಷನ್ನಿನ ಜೊತೆ ಕುದುರೆ ಎಳೆಯುವ ಫಿರಂಗಿಗಳ 'ಬ್ರಿಗೇಡ್' ಎರಡು ಇದ್ದವು. ಪದ ಅದೇ, ಅಳತೆ ಮಾತ್ರ ಬೇರೆ. ಫಿರಂಗಿಯವರ ಬ್ರಿಗೇಡ್ ಅಂದರೆ 2 ಬ್ಯಾಟರಿ (ಆರಾರು ಫಿರಂಗಿಗಳ ಗುಂಪು), 12 ಫಿರಂಗಿ, ಅಷ್ಟೇ. ಸವಾರರ ಬ್ರಿಗೇಡಿನ ಪಕ್ಕ ಇಟ್ಟರೆ ಬಹಳ ಚಿಕ್ಕದು. ಇಂಥ ಕಡೆ ನಿಘಂಟು ನೋಡಿ ಏನೂ ಉಪಯೋಗವಿಲ್ಲ.

ಏಣಿ ಗೋಡೆಗೆ ಅಂಟಿಸಿದ ಮೇಲೆ ಫ್ರಾನ್ಸಿನ ನೇರಿಯಲ್ಲಿ ನಡೆದ ಕಾಳಗದ ಪುಟಕ್ಕೆ ಮತ್ತೆ ಹೋದೆ. 1914 ಸೆಪ್ಟೆಂಬರ್ 1ರ ಬೆಳಗ್ಗೆ. ಬ್ರಿಟಿಷರು ಹಿಂದೆ ಸರಿಯುತ್ತಿದ್ದ ದಿನಗಳು. ನಾಲ್ಕು ಬ್ರಿಗೇಡಿನ ಡಿವಿಷನ್ ಒಬ್ಬನ ಹಿಡಿತಕ್ಕೆ ಸಿಗದಷ್ಟು ದೊಡ್ಡದು, ಅದು ಚದುರಿ ಹೋಗಿತ್ತು. 1ನೇ ಕುದುರೆ ಬ್ರಿಗೇಡ್ ಒಂದೇ ನೇರಿ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿತ್ತು, ಜೊತೆಗೆ ಎಲ್ ಬ್ಯಾಟರಿಯ ಆರು ಫಿರಂಗಿ. ದಟ್ಟ ಮಂಜು. ಆ ಮಂಜಿನ ಆಚೆ ಇದ್ದದ್ದು ಜರ್ಮನಿಯ 4ನೇ ಕುದುರೆ ಡಿವಿಷನ್. ಬ್ರಿಗೇಡಿನ ಮೇಲೆ ಒಂದು ಇಡೀ ಡಿವಿಷನ್! ಕೊನೆಗೆ ಒಂದೇ ಒಂದು ಫಿರಂಗಿ ಉಳಿದರೂ ಎಲ್ ಬ್ಯಾಟರಿಯವರು ಹೊಡೆಯುತ್ತಲೇ ಇದ್ದರು. ಆ ಬ್ಯಾಟರಿಯ ಮೂವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ನನ್ನ ಮೊದಲ ಕರಡಿನಲ್ಲಿ ಇದು ಹೇಗಿತ್ತು ಗೊತ್ತಾ? 'ಜರ್ಮನ್ ಪಡೆ ಬ್ರಿಟಿಷ್ ಪಡೆಯ ಮೇಲೆ ಬಿತ್ತು.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ಬೆಳಗ್ಗೆ ಅಲ್ಲಿ ನಿಂತವರ ಪಾಡೇನು ಅನ್ನುವುದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಅದನ್ನು ಓದಿ ನಿಜಕ್ಕೂ ಸಂಕಟವಾಯಿತು.

ಇಡೀ ಎರಡು ಅಧ್ಯಾಯ ಮತ್ತೆ ಬರೆದೆ. ಮಟ್ಟ ಹೇಳುವ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಇದ್ದ ಹಾಗೇ ಉಳಿಸಿಕೊಂಡೆ. ಸ್ಕ್ವಾಡ್ರನ್ ಅಂದರೆ ಕೊನೆವರೆಗೂ ಸ್ಕ್ವಾಡ್ರನ್. ಬೇಜಾರಾದರೆ ಆಗಲಿ. 'ಪಡೆ' ಅನ್ನುವುದನ್ನು ಅಳತೆ ಮುಖ್ಯವಲ್ಲದ ಕಡೆ ಮಾತ್ರ ಇಟ್ಟೆ.

ಆಗ ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲಿನಲ್ಲಿರುವ ಹೈಫಾದ ಭಾಗಕ್ಕೆ ಬಂದಾಗ ಅದರ ಬೆಲೆ ಗೊತ್ತಾಯಿತು. 1918 ಸೆಪ್ಟೆಂಬರ್ 23. ಜೋಧಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್ಸ್ ಸೇರಿದ 15ನೇ ಬ್ರಿಗೇಡ್, ಅದರ ಮೇಲೆ 5ನೇ ಕುದುರೆ ಡಿವಿಷನ್, ಅದರ ಮೇಲೆ ಆಸ್ಟ್ರೇಲಿಯಾದ ಶೋವೆಲ್ ನಡೆಸುತ್ತಿದ್ದ ಡೆಸರ್ಟ್ ಮೌಂಟೆಡ್ ಕೋರ್. ಜೋಧಪುರದವರು ಊರಿನ ಕಡೆ ನುಗ್ಗಿದರು. ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆ ಹತ್ತಿತು. ಆಮೇಲೆ ಅದಕ್ಕೆ ನೆರವಾಗಿ 14ನೇ ಬ್ರಿಗೇಡಿನ ಶೆರ್‌ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ರೆಜಿಮೆಂಟಿನ ಒಂದು ಸ್ಕ್ವಾಡ್ರನ್ ಬಂತು. ಪಕ್ಕದ ಬ್ರಿಗೇಡಿನಿಂದ ಎರವಲು ಬಂದದ್ದು ಅನ್ನುವುದು ಈಗ ಓದಿದ ತಕ್ಷಣ ತಿಳಿಯುತ್ತದೆ. ಮುಂಚೆ ಅಲ್ಲಿ ಮೂರು 'ಪಡೆ' ಇದ್ದವು.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿ, ಸ್ವಲ್ಪ ಹೊತ್ತು ಸುಮ್ನೆ ನಿಂತು ಬಂದೆ. ಆಮೇಲೆ ಹೊಸ ಕರಡು ತೆಗೆದುಕೊಂಡು ಮತ್ತೆ ಅದೇ ಜಗಲಿಗೆ. ಹಿರಿಯರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಒಂದು ಕಡೆ ನಿಂತು ಕೇಳಿದರು.

'ದಫೇದಾರ್ ಅನ್ನೋದಕ್ಕೆ ಏನ್ ಮಾಡಿದೀಯಮ್ಮ?'

'ಹಾಗೇ ಬಿಟ್ಟಿದೀನಿ ಸರ್. ನಮ್ಮ ಕಚೇರಿಗಳಲ್ಲಿ ಇವತ್ತಿಗೂ ದಫೇದಾರ್ ಇದಾರಲ್ಲ, ಎಲ್ಲರಿಗೂ ಗೊತ್ತು.'

ತಲೆಯಾಡಿಸಿ, ಪುಟ ತಿರುವಿದರು.