ಎಂಟು ಕೋರ್, ಕೊನೆಗೆ ದುಡಿಯುವುದು ಒಂದೇ

ಕಳೆದ ವಾರ ಹಟಕ್ಕೆ ಬಿದ್ದು ನಾನೇ ಒಂದು ಪ್ಯಾರಲಲ್ ಮರ್ಜ್ ಸಾರ್ಟ್ ಬರೆದೆ. ಸಂಖ್ಯೆಗಳ ಸಾಲನ್ನು ಅರ್ಧರ್ಧ ಒಡೆಯುತ್ತಾ ಹೋಗಿ, ಆಮೇಲೆ ತುಂಡುಗಳನ್ನು ಕ್ರಮವಾಗಿ ಕೂಡಿಸುತ್ತಾ (ಅದೇ ಮರ್ಜ್) ಬರುವ ವಿಧಾನ ಇದು; ಪ್ಯಾರಲಲ್ ಅಂದರೆ ಕೆಲಸ ಹಲವು ಕೋರ್‌ಗಳಲ್ಲಿ ಒಟ್ಟಿಗೆ ನಡೆಯಬೇಕು. ಲ್ಯಾಪ್‌ಟಾಪಿನ ಪ್ರೊಸೆಸರ್‌ನಲ್ಲಿ ಏಕಕಾಲಕ್ಕೆ ದುಡಿಯಬಲ್ಲ ಎಂಟು ಕೋರ್ ಇವೆ, ಎಂಟು ಪಟ್ಟು ವೇಗ ಗ್ಯಾರಂಟಿ ಅಂದುಕೊಂಡಿದ್ದೆ. ಓಡಿಸಿ ನೋಡಿದರೆ ಒಂದೇ ಥ್ರೆಡ್‌ನ (ಕೆಲಸ ಒಂದಾದ ಮೇಲೊಂದು ಸಾಗುವ) ಹಳೇ ಕೋಡ್‌ಗಿಂತ ನಿಧಾನ!

ತಪ್ಪು ಬೇಗ ಸಿಕ್ಕಿತು. ಅರೇಯನ್ನು (ಸಂಖ್ಯೆಗಳ ಸಾಲನ್ನು) ಒಡೆದಾಗಲೆಲ್ಲ ಹೊಸ ಥ್ರೆಡ್ ಹುಟ್ಟಿಸುತ್ತಿದ್ದೆ. ನಾಲ್ಕು ಸಂಖ್ಯೆ ಜೋಡಿಸಲಿಕ್ಕೂ ಒಂದು ಥ್ರೆಡ್. ತುಂಡು ಸಣ್ಣದಾದ ಮೇಲೆ ಮಾಮೂಲಿ ಸಾರ್ಟ್‌ಗೆ ಬಿಟ್ಟೆ. ವೇಗ ನಾಲ್ಕು ಪಟ್ಟಿಗೆ ಬಂತು, ಅಲ್ಲೇ ನಿಂತಿತು.

ಆಗ ಕಾಗದ ತೆಗೆದುಕೊಂಡೆ. ನನ್ನ ಹತ್ತಿರ ಇದ್ದದ್ದು 10,48,576 ಸಂಖ್ಯೆ. ಪ್ರತಿ ಸುತ್ತಿಗೂ ತುಂಡು ಇಮ್ಮಡಿ ಆಗುತ್ತದೆ, ಹಾಗಾಗಿ ಒಂದೇ ಕೋರ್ ಆದರೆ 20 ಸುತ್ತು ಮರ್ಜ್. ಎಂಟು ಕೋರ್ ಇದ್ದರೆ ಮೊದಲ 17 ಸುತ್ತು ಹಂಚಿಹೋಗಿ, ಎರಡು ಸುತ್ತಿಗಿಂತ ತುಸು ಜಾಸ್ತಿ ಹೊತ್ತಿನಲ್ಲಿ ಮುಗಿಯುತ್ತವೆ. ಉಳಿದ ಮೂರರಲ್ಲಿ ಮೊದಲು ನಾಲ್ಕು ಕೋರ್‌ಗೆ ಕೆಲಸ, ಆಮೇಲೆ ಎರಡಕ್ಕೆ, ಕೊನೆಗೆ ಒಂದಕ್ಕೆ. ಕಾಲು, ಅರ್ಧ, ಒಂದು: ಒಟ್ಟು ಒಂದೂಮುಕ್ಕಾಲು ಸುತ್ತಿನ ಹೊತ್ತು. ಎಲ್ಲ ಸೇರಿ ಸುಮಾರು ನಾಲ್ಕು. ಅಂದರೆ ಐದು ಪಟ್ಟಿನ ಆಸುಪಾಸು, ಅಷ್ಟೇ. ಸಾವಿರಾರು ಕೋರ್ ತಂದು ಸುರಿದರೂ ಹತ್ತು ಪಟ್ಟು ದಾಟುವುದಿಲ್ಲ. ಹಂಚಲಾಗದ ಕೆಲಸವೇ ವೇಗಕ್ಕೆ ಮಿತಿ ಹಾಕುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಎಚ್ಚರಿಸಿದ್ದು ಇದನ್ನೇ ಅಲ್ವಾ? ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಹಾಗಾಗಿ ಮರ್ಜನ್ನೇ ಒಡೆಯಬೇಕಾಯಿತು. ಎರಡು ಅರ್ಧಗಳಲ್ಲಿ ದೊಡ್ಡದರ ನಡುವಿನ ಸಂಖ್ಯೆ ಹಿಡಿದು, ಇನ್ನೊಂದರಲ್ಲಿ ಅದರ ಜಾಗವನ್ನು ಬೈನರಿ ಸರ್ಚ್‌ನಿಂದ (ಪ್ರತಿ ಸಲ ಅರ್ಧ ಬಿಟ್ಟು ಅರ್ಧದಲ್ಲಿ ನೋಡುತ್ತಾ) ಹುಡುಕಿದೆ. ಅದಕ್ಕಿಂತ ಚಿಕ್ಕವೆಲ್ಲ ಎಡಕ್ಕೆ, ಉಳಿದವು ಬಲಕ್ಕೆ. ಈಗ ಎರಡು ಬೇರೆ ಬೇರೆ ಮರ್ಜ್, ಒಂದಕ್ಕೊಂದು ಸಂಬಂಧವೇ ಇಲ್ಲ. ಹೀಗೇ ಮತ್ತೆ ಒಡೆಯಬಹುದು. ತುಂಡುಗಳು ಸಮ ಇರುವುದಿಲ್ಲ, ಆದರೆ ಯಾವುದೂ ಮುಕ್ಕಾಲು ಪಾಲನ್ನು ಮೀರುವುದಿಲ್ಲ. ಪ್ರತಿ ನೋಡ್ (ಕೊಂಡಿ) ತನ್ನ ಮುಂದಿನದನ್ನಷ್ಟೇ ತೋರಿಸುವ ಲಿಂಕ್ಡ್ ಲಿಸ್ಟ್‌ನಲ್ಲಿ ಈ ಆಟ ನಡೆಯುವುದಿಲ್ಲ. ನಡುವಿನ ನೋಡ್ ಮುಟ್ಟಲಿಕ್ಕೇ ಮೊದಲಿನಿಂದ ನಡೆದು ಬರಬೇಕು.

ಇಷ್ಟಾದರೂ ಏನೋ ಎಳೆಯುತ್ತಿತ್ತು. ಹೋಲಿಕೆಗಳನ್ನು ಎಣಿಸಲು ಸುಮ್ನೆ ಥ್ರೆಡ್‌ಗೊಂದು ಕೌಂಟರ್ ಕೊಟ್ಟು, ಎಂಟನ್ನೂ ಒಂದೇ ಅರೇಯಲ್ಲಿ ಇಟ್ಟಿದ್ದೆ. ತಲಾ 8 ಬೈಟ್, ಒಟ್ಟು 64. ನನ್ನ ಪ್ರೊಸೆಸರ್‌ನ ಒಂದು ಕ್ಯಾಶ್ ಲೈನ್, ಅಂದರೆ ಕೋರ್ ಮೆಮೊರಿಯಿಂದ ಒಂದೇ ಸಲಕ್ಕೆ ತಂದು ಹತ್ತಿರ ಇಟ್ಟುಕೊಳ್ಳುವ ತುಂಡು, ಅಷ್ಟೇ ಉದ್ದ! ಒಂದು ಕೋರ್ ತನ್ನ ಕೌಂಟರ್ ಮುಟ್ಟಿದಾಗಲೆಲ್ಲ ಉಳಿದ ಕೋರ್‌ಗಳ ಪ್ರತಿ ಕೆಡುತ್ತಿತ್ತು. ಸರದಿ ಕಾಯಿಸುವ ಲಾಕ್ ಒಂದೂ ಇಲ್ಲದೆ ಜಗಳ. ಕೌಂಟರ್ ಕಿತ್ತು ಹಾಕಿದೆ, ಆರು ಪಟ್ಟು ದಾಟಿತು.

ಈಗ ಕಂಪ್ಯೂಟರ್ ವಿಜ್ಞಾನಿ ಕೆನ್ ಬ್ಯಾಚರ್ 1968ರಲ್ಲಿ ಪ್ರಕಟಿಸಿದ ಬೈಟಾನಿಕ್ ಸಾರ್ಟ್‌ಗೆ ಕೈ ಹಾಕಿದ್ದೇನೆ. ಇಷ್ಟೇ ಸಂಖ್ಯೆಗೆ 210 ಸುತ್ತು. ಆದರೆ ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದು ಡೇಟಾ ನೋಡುವ ಮೊದಲೇ ಗೊತ್ತಿರುತ್ತದೆ. ಒಂದೇ ಬಗೆಯ ಕೆಲಸವನ್ನು ಸಾವಿರಾರು ಕಡೆ ಒಟ್ಟಿಗೆ ಮಾಡುವ ಜಿಪಿಯುಗೆ (ಗ್ರಾಫಿಕ್ಸ್ ಪ್ರೊಸೆಸರ್‌ಗೆ) ಹೇಳಿ ಮಾಡಿಸಿದ ಹಾಗಿದೆ.