ಕು ಚಿಯ ಹುತ್ತಗಳು

ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯ ಸ್ಕೂಟರ್‌ಗಳ ಹೊಳೆ ದಾಟಿ ಹೊರಬರೋಕೇ ನಮ್ಮ ಮಿನಿ ಬಸ್ಸಿಗೆ ಒಂದು ಗಂಟೆ ಬೇಕಾಯಿತು. ಊರಿನವರು ಈಗಲೂ ಸೈಗಾನ್ ಅಂತಲೇ ಅನ್ನುತ್ತಾರೆ. ಆಮೇಲೆ ಗದ್ದೆ, ರಬ್ಬರ್ ತೋಟ, ಮತ್ತೆ ರಬ್ಬರ್ ತೋಟ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರ ವಿರುದ್ಧ ಹೋರಾಡಿದ ಕಮ್ಯುನಿಸ್ಟ್ ಗೆರಿಲ್ಲಾಗಳು ಸುರಂಗ ತೋಡಿ ಅಡಗಿದ್ದ ಜಾಗ ಕು ಚಿ. ಅಲ್ಲಿ ಇಳಿದ ಕೂಡಲೇ ಗುಂಡಿನ ಸದ್ದು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಏನಿಲ್ಲ, ದುಡ್ಡು ಕೊಟ್ಟವರಿಗೆ ಎಕೆ-47 ಹಾರಿಸೋಕೆ ಬಿಡುತ್ತಾರೆ. ಅಷ್ಟು ಜನ ಸತ್ತ ಜಾಗದಲ್ಲಿ ಇದು ಬೇಕಿತ್ತಾ ಅನ್ನಿಸಿತು. ಕ್ಯೂ ಮಾತ್ರ ಉದ್ದವಿತ್ತು.

ಗೈಡ್ ಒಣಗಿದ ಎಲೆ ಸರಿಸಿ ಒಂದು ಮರದ ಮುಚ್ಚಳ ಎತ್ತಿದ. ಒಳಗಿನ ತೂತು ನಮ್ಮನೆ ಸಂಪಿನ ಬಾಯಿಯ ಅರ್ಧದಷ್ಟೂ ಇಲ್ಲ. ಅಲ್ಲಿಂದ ಕೆಳಗೆ ಒಂದು ಕಾಲಕ್ಕೆ ಸುಮಾರು 250 ಕಿಲೋಮೀಟರ್ ಸುರಂಗ. ಅಡುಗೆಮನೆ, ಆಸ್ಪತ್ರೆ, ಎಲ್ಲ ಒಳಗೇ. ಒಲೆಯ ಹೊಗೆಯನ್ನು ಕಾಲುವೆಗಳಲ್ಲಿ ದೂರ ಸಾಗಿಸಿ, ಮಂಜಿನ ಹಾಗೆ ತೆಳ್ಳಗೆ ಬಿಡುತ್ತಿದ್ದರಂತೆ.

"ರೀ, ಹುತ್ತ ನೋಡ್ರಿ!" ಅಂದಳು ಇವಳು. ಅರಿಸಿನ ಕುಂಕುಮ ಒಂದು ಇರಲಿಲ್ಲ, ಅಷ್ಟೆ. ಗೈಡ್ ನಕ್ಕ. ಅದು ಹುತ್ತದ ವೇಷದ ಗಾಳಿಕಿಂಡಿ! ಅಮೆರಿಕದವರ ನಾಯಿಗಳು ಮೂಸಿ ಪತ್ತೆ ಹಚ್ಚದಿರಲಿ ಅಂತ ಇಂಥ ಕಿಂಡಿಗಳ ಹತ್ತಿರ ಖಾರದ ಪುಡಿ ಹಾಕುತ್ತಿದ್ದರು. ಅಮೆರಿಕದ ಸೋಪನ್ನೂ ಇಡುತ್ತಿದ್ದರು. ನಾಯಿಗೆ ಪರಿಚಯದ ವಾಸನೆ, ಅಲ್ವಾ!

ಪ್ರವಾಸಿಗರಿಗೋಸ್ಕರ ಅಗಲ ಮಾಡಿದ ಸುರಂಗದಲ್ಲೂ ನನ್ನ ಹೊಟ್ಟೆ ಸಿಕ್ಕಿಕೊಂಡಿತು. ಹೊರಗೆ ಬಂದಾಗ ಬೇಯಿಸಿದ ಮರಗೆಣಸು, ಜೊತೆಗೆ ಕಡಲೆಕಾಯಿ ಪುಡಿ ಕೊಟ್ಟರು. ಸೈನಿಕರ ಊಟ ಅದೇ ಆಗಿತ್ತಂತೆ. ನನಗಂತೂ ರುಚಿಯಾಗಿಯೇ ಇತ್ತು.

ಬೆಂಚಿನ ಮೇಲೆ ಕೂತು ಯೋಚಿಸಿದೆ. ಅಷ್ಟು ದೂರದ ಅಮೆರಿಕದವರು ಈ ಮರಗೆಣಸಿನ ನಾಡಿಗೆ ಯಾಕೆ ಬಂದರು? 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋಯಿತು. ಮರುವರ್ಷ ಕೊರಿಯಾ ಯುದ್ಧ. 1954ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಡಾಮಿನೊ ಬಿಲ್ಲೆಗಳ ಮಾತೆತ್ತಿದರು. ಒಂದು ದೇಶ ಬಿದ್ದರೆ ಸಾಲಾಗಿ ಎಲ್ಲವೂ ಬೀಳುತ್ತವೆ ಅಂತ. ಅದೇ ವರ್ಷ ಜಿನೀವಾದಲ್ಲಿ ವಿಯೆಟ್ನಾಂ ಉತ್ತರ, ದಕ್ಷಿಣ ಅಂತ ಎರಡಾಯಿತು. 1956ರಲ್ಲಿ ಚುನಾವಣೆ ನಡೆಸಿ ಒಂದು ಮಾಡಬೇಕಿತ್ತು. ನಡೆಸಿದರೆ ಉತ್ತರದ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಗೆಲ್ಲುತ್ತಾರೆ ಅನ್ನೋದು ಐಸೆನ್‌ಹೋವರ್‌ಗೂ ಗೊತ್ತಿತ್ತು. ದಕ್ಷಿಣದ ಅಧ್ಯಕ್ಷ ಡಿಯೆಮ್ ಒಲ್ಲೆ ಅಂದರು, ಅಮೆರಿಕ ಅವರ ಬೆನ್ನಿಗೆ ನಿಂತಿತು. ಇದೇ ಹೋ 1945ರಲ್ಲಿ ತಮ್ಮ ಸ್ವಾತಂತ್ರ್ಯ ಘೋಷಣೆಯನ್ನು ಶುರು ಮಾಡಿದ್ದು ಅಮೆರಿಕದ ಘೋಷಣೆಯ ಸಾಲುಗಳಿಂದ.

ಆಮೇಲಿನದು ಜಾರುಬಂಡೆ. 1964ರ ಆಗಸ್ಟ್ 4ರಂದು ಟೊಂಕಿನ್ ಕೊಲ್ಲಿಯಲ್ಲಿ ನಡೆದೇ ಇರದ ದಾಳಿಯೊಂದನ್ನು ನಂಬಿಸಿ ಆಗಿನ ಅಧ್ಯಕ್ಷ ಜಾನ್ಸನ್ ಯುದ್ಧಕ್ಕೆ ಅಮೆರಿಕದ ಸಂಸತ್ತಿನ ಒಪ್ಪಿಗೆ ಪಡೆದರು. 1965ರ ಮಾರ್ಚಿನಲ್ಲಿ ಅಮೆರಿಕ ಸೈನ್ಯದ ಮೊದಲ ಮರೀನ್‌ಗಳು ಡಾ ನಾಂಗ್‌ನಲ್ಲಿ ಇಳಿದರು. ನಾಲ್ಕೇ ವರ್ಷದಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತು. ಸತ್ತ ಅಮೆರಿಕನ್ನರು 58,000ಕ್ಕೂ ಜಾಸ್ತಿ. ವಿಯೆಟ್ನಾಂ ಸರ್ಕಾರದ ಲೆಕ್ಕದಲ್ಲಿ ಈ ಕಡೆ ಸತ್ತವರು ಸುಮಾರು 30 ಲಕ್ಷ.

ಹಗ್ಗ ಕಂಡು ಹಾವು ಅಂದರು ಅಂತ ನಾನು ಹೇಳಲಾರೆ. ಹೋ ನಿಜಕ್ಕೂ ಕಮ್ಯುನಿಸ್ಟರೇ. ಹಾವುಗಳೆಲ್ಲ ಒಂದೇ ಹುತ್ತದವು ಅಂದುಕೊಂಡಿದ್ದೇ ಎಡವಟ್ಟಾಯಿತು. 1975ರಲ್ಲಿ ಸೈಗಾನ್ ಬಿತ್ತು, ಕಾಂಬೋಡಿಯಾ, ಲಾವೋಸ್ ಕೂಡ ಬಿದ್ದವು, ನಿಜ. ಥಾಯ್ಲೆಂಡ್ ಬೀಳಲಿಲ್ಲ. ನಾಲ್ಕು ವರ್ಷ ಕಳೆಯೋದರೊಳಗೆ ಕಮ್ಯುನಿಸ್ಟ್ ವಿಯೆಟ್ನಾಂ ಕಮ್ಯುನಿಸ್ಟ್ ಕಾಂಬೋಡಿಯಾದೊಳಗೆ ನುಗ್ಗಿತು. ಅದರ ಬೆನ್ನಿಗೇ ಕಮ್ಯುನಿಸ್ಟ್ ಚೀನಾ ವಿಯೆಟ್ನಾಂ ಮೇಲೆ ಬಿತ್ತು.

ಸಂಜೆ ಸೈಗಾನಿನಲ್ಲಿ ಸುಮ್ನೆ ಸುತ್ತಾಡುತ್ತಾ ಗೈಡನ್ನು ಬೀದಿಗಳ ಹೆಸರು ಕೇಳಿದೆ. ಹಾಯ್ ಬಾ ಚುಂಗ್ ಅಂದರೆ ಎರಡು ಸಾವಿರ ವರ್ಷದ ಹಿಂದೆ ಚೀನೀಯರ ವಿರುದ್ಧ ದಂಗೆ ಎದ್ದ ಅಕ್ಕ-ತಂಗಿ. ಚಾನ್ ಹುಂಗ್ ದಾವ್ ಚೀನಾವನ್ನು ಆಳುತ್ತಿದ್ದ ಕುಬ್ಲಾಯ್ ಖಾನನ ಸೈನ್ಯವನ್ನು ಸೋಲಿಸಿದವನು. ಲೇ ಲೊಯ್ ಚೀನಾದ ಮಿಂಗ್ ದೊರೆಗಳ ಸೈನ್ಯವನ್ನು ಓಡಿಸಿದವನು. ಈ ಫಲಕಗಳನ್ನು ಕಮ್ಯುನಿಸ್ಟರು ಬಂದ ಮೇಲೆ ಹಾಕಿದರಾ ಅಂದೆ. ಇಲ್ಲವಂತೆ. ಅಮೆರಿಕದ ಅಧಿಕಾರಿಗಳು ದಿನಾ ಇದೇ ಬೀದಿಗಳಲ್ಲಿ ಆಫೀಸಿಗೆ ಹೋಗುತ್ತಿದ್ದಾಗಲೂ ಇವೇ ಹೆಸರುಗಳಿದ್ದವು.