ಎ4 ಹಾಳೆಯಲ್ಲಿ ಒಂದು ತರಗತಿ

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತೆಂದರೆ ಫೋಟೊ ಕೇಳುವ ಅರ್ಜಿಗಳೂ ಶುರು. ಬಸ್ ಪಾಸು, ವಿದ್ಯಾರ್ಥಿವೇತನ, ಗುರುತಿನ ಚೀಟಿ, ದಾಖಲಾತಿ ಪುಸ್ತಕ ಎಂದು ಲೆಕ್ಕ ಹಾಕಿದರೆ ಮಗುವೊಂದಕ್ಕೆ ನಾಲ್ಕು ಪ್ರತಿಯಾದರೂ ಬೇಕು. ಹಳ್ಳಿ ಶಾಲೆಯೊಂದರ 42 ಮಕ್ಕಳಿಗೆ ತಲಾ ನಾಲ್ಕು, ಅಂದರೆ 168 ಫೋಟೊ, ಒಂದೇ ದಿನದಲ್ಲಿ ಶಾಲೆಯ ಇಂಕ್‌ಜೆಟ್ ಪ್ರಿಂಟರಿನಲ್ಲೇ ಮುಗಿಯಬೇಕಿತ್ತು. ತಂತ್ರಾಂಶಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಇಂಥ ಕೆಲಸದಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲೇ ಪೆನ್ನು ಹಿಡಿದು ಮಿಲಿಮೀಟರುಗಳ ಲೆಕ್ಕ ಮುಗಿಸಿಕೊಳ್ಳಬೇಕು. ಲೆಕ್ಕ ಸರಿಯಿದ್ದರೆ ಯಾವ ತಂತ್ರಾಂಶದಲ್ಲಾದರೂ ಹಾಳೆ ಸರಿಯಾಗಿಯೇ ಬರುತ್ತದೆ. ಲೆಕ್ಕವೇ ಇಲ್ಲದೆ ಕಣ್ಣಂದಾಜಿನಲ್ಲಿ ಎಳೆದು ಕೂರಿಸಿದ್ದು ಕತ್ತರಿಸುವಾಗ ಕೈಕೊಡುತ್ತದೆ.

ನಾವು ಪಾಸ್‌ಪೋರ್ಟ್ ಸೈಜು ಎನ್ನುವುದು ಸಾಮಾನ್ಯವಾಗಿ 35 ಮಿಮೀ ಅಗಲ, 45 ಮಿಮೀ ಎತ್ತರ. ಎಲ್ಲ ಅರ್ಜಿಗಳಿಗೂ ಇದೇ ನಡೆಯುವುದಿಲ್ಲ. ಪ್ಯಾನ್ ಕಾರ್ಡಿನ ಅರ್ಜಿಗೆ 25×35 ಮಿಮೀ ಬೇಕು, ಅಮೆರಿಕದ ವೀಸಾಕ್ಕೆ 2 ಇಂಚಿನ ಚೌಕ. ಆದ್ದರಿಂದ ಮೊದಲು ಅರ್ಜಿ ಓದಬೇಕು. ಅಳತೆ ಗೊತ್ತಾದ ಮೇಲೆ ಅದನ್ನು ಪಿಕ್ಸೆಲ್‌ಗೆ, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕಕ್ಕೆ, ತಿರುಗಿಸುವುದು ಸುಲಭ: ಮಿಲಿಮೀಟರನ್ನು 25.4ರಿಂದ ಭಾಗಿಸಿ, 300ರಿಂದ ಗುಣಿಸಿ. 300 ಅಂದರೆ ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಲೆಕ್ಕ. ಕೈಯಲ್ಲಿ ಹಿಡಿದು ನೋಡುವ ಫೋಟೊಗೆ ಇಷ್ಟು ಧಾರಾಳವಾಗಿ ಸಾಕು. 35×45 ಮಿಮೀ ಎಂದರೆ 413×531 ಪಿಕ್ಸೆಲ್. ಎ4 ಹಾಳೆ 210×297 ಮಿಮೀ, ಅಂದರೆ 2480×3508 ಪಿಕ್ಸೆಲ್. 4×6 ಇಂಚಿನ ಫೋಟೊ ಪೇಪರು 1200×1800.

ಎ4ರಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಆರು, ಒಟ್ಟು 30 ಫೋಟೊ ಕೂರುತ್ತವೆ. ತಲಾ ನಾಲ್ಕರಂತೆ ಏಳು ಮಕ್ಕಳಿಗೆ 28, ಎರಡು ಜಾಗ ಖಾಲಿ. 42 ಮಕ್ಕಳಿಗೆ ಆರು ಹಾಳೆ ಸಾಕು. ಆದರೆ ಹೀಗೆ ತುಂಬಿದರೆ ಒಂದು ಮಗುವಿನ ಫೋಟೊಗಳು ಎರಡು ಸಾಲಿಗೆ ಹರಿದುಹೋಗುತ್ತವೆ. ಒಂದೇ ಸಮವಸ್ತ್ರ, ಒಂದೇ ಬಿಳಿ ಹಿನ್ನೆಲೆಯ 168 ಚೂರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಯಾರದು ಯಾವುದೆಂದು ಆರಿಸುತ್ತ ಕೂತರೆ ಮಧ್ಯಾಹ್ನ ಕಳೆದೇಹೋಗುತ್ತದೆ. ಅದಕ್ಕೆ ಬದಲು ಒಂದು ಸಾಲಿಗೆ ಒಂದೇ ಮಗು: ನಾಲ್ಕು ಫೋಟೊ, ಐದನೇ ಜಾಗದಲ್ಲಿ ಹೆಸರು ಮತ್ತು ಕ್ರಮಸಂಖ್ಯೆ. ಹಾಳೆಗೆ ಆರು ಮಕ್ಕಳಾದರೆ ಏಳು ಹಾಳೆ. ಒಂದು ಹಾಳೆ ಹೆಚ್ಚಾದರೂ ಕತ್ತರಿಸಿದಾಗ ಪ್ರತಿ ಪಟ್ಟಿಯೂ ಹೆಸರು ಹೊತ್ತೇ ಬರುತ್ತದೆ. ಒಂದು ಮಗುವಿನ ಅರ್ಜಿಗೆ ಇನ್ನೊಂದರ ಮುಖ ಅಂಟುವ ಭಯವಿಲ್ಲ. ಈ ಒಂದು ಹಾಳೆ ಉಳಿಸಲು ಹೋಗಬೇಡಿ ಎಂದೇ ಹೇಳುತ್ತೇನೆ.

ಫೋಟೊ ತೆಗೆದದ್ದು ಮೊಬೈಲಿನಲ್ಲೇ, ಜಗಲಿಯ ಬೆಳಕಿನಲ್ಲಿ. ಮಗು ಗೋಡೆಯಿಂದ ಸುಮಾರು ಒಂದು ಮೀಟರ್ ಮುಂದೆ ಕೂತರೆ ನೆರಳು ಹಿನ್ನೆಲೆಯ ಮೇಲೆ ಬೀಳುವುದಿಲ್ಲ. ಮೊಬೈಲು ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಎರಡು ಮೀಟರ್ ದೂರ ನಿಂತು 2× ಜೂಮ್ ಬಳಸುವುದು ಒಳ್ಳೆಯದು. ಕಂಪ್ಯೂಟರಿಗೆ ಕಳಿಸುವಾಗ ವಾಟ್ಸ್‌ಆಪ್‌ನಲ್ಲಿ ಸುಮ್ಮನೆ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಕೇಬಲ್ ಹಾಕಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ದೂರದಿಂದ ತೆಗೆದ ಪೂರ್ತಿ ಆಳಿನ ಚಿತ್ರದಲ್ಲಿ ಮುಖಕ್ಕೆ ಸಿಗುವುದೇ ನೂರೈವತ್ತು ಪಿಕ್ಸೆಲ್ ಆದರೆ ಅದನ್ನು ಹಿಗ್ಗಿಸಿ ಪ್ರಯೋಜನವಿಲ್ಲ, ಮತ್ತೆ ತೆಗೆಯುವುದೇ ದಾರಿ.

ಕತ್ತರಿಸುವ ಕೆಲಸಕ್ಕೆ ಗಿಂಪ್. ಇದು ಚಿತ್ರ ತಿದ್ದುವ ಮುಕ್ತ ತಂತ್ರಾಂಶ. ಮನೆ, ಶಾಲೆ, ಅಂಗಡಿ ಎಲ್ಲಿ ಬಳಸಿದರೂ ಹಣ ಕೊಡಬೇಕಿಲ್ಲ. ಫೋಟೊ ತೆರೆದು ಶಿಫ್ಟ್+ಸಿ ಒತ್ತಿದರೆ ಬೇಡದ ಭಾಗ ಕತ್ತರಿಸುವ ಕ್ರಾಪ್ ಉಪಕರಣ ಬರುತ್ತದೆ. ಅದರ ಆಯ್ಕೆಗಳಲ್ಲಿ ಫಿಕ್ಸ್‌ಡ್ ಎಂಬುದಕ್ಕೆ ಟಿಕ್ ಹಾಕಿ, ಆಸ್ಪೆಕ್ಟ್ ರೇಶಿಯೊ ಆರಿಸಿ, 7:9 ಎಂದು ಬರೆಯಿರಿ. 35ಕ್ಕೆ 45 ಎಂದರೂ ಅದೇ ಅನುಪಾತ. ಗಲ್ಲದಿಂದ ನೆತ್ತಿಯವರೆಗೆ ಚೌಕಟ್ಟಿನ ಎತ್ತರದ 70ರಿಂದ 80 ಭಾಗ ಇರಲಿ, ಅಂದರೆ ಮುದ್ರಣದಲ್ಲಿ 32ರಿಂದ 36 ಮಿಮೀ. ಎಂಟರ್ ಒತ್ತಿದ ಮೇಲೆ ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ 413×531 ಪಿಕ್ಸೆಲ್, ರೆಸಲ್ಯೂಶನ್ 300. ಮೊದಲು ಕ್ರಾಪ್, ಆಮೇಲೆ ಸ್ಕೇಲ್. ಈ ಕ್ರಮ ತಪ್ಪಬಾರದು. ಕ್ರಾಪ್ ಮಾಡದೆ ಅಗಲ ಎತ್ತರ ಎರಡನ್ನೂ ಬಲವಂತವಾಗಿ ತುಂಬಿಸಿದರೆ ಮುಖ ಚಪ್ಪಟೆಯಾಗುತ್ತದೆ ಅಥವಾ ಉದ್ದಕ್ಕೆ ಎಳೆದಂತಾಗುತ್ತದೆ. ಈ ಫೋಟೊ ಮಗುವಿನ ದಾಖಲೆಗಳ ಮೇಲೆ ವರ್ಷಗಟ್ಟಲೆ ಇರುತ್ತದೆ. ಅವಸರಕ್ಕೆ ಮುಖ ಕೆಡಿಸಿ ಕೊಡುವುದು ಆ ಮಗುವಿಗೆ ಮಾಡುವ ಅನ್ಯಾಯ.

ಬಿಳಿ ಹಿನ್ನೆಲೆಯ ಫೋಟೊವನ್ನು ಬಿಳಿ ಹಾಳೆಯ ಮೇಲೆ ಮುದ್ರಿಸಿದರೆ ಅಂಚು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಹಾಗಾಗಿ ಸಣ್ಣ ಬೂದುಗೆರೆ ಬೇಕು. ಕಂಟ್ರೋಲ್+ಎ ಒತ್ತಿ ಇಡೀ ಚಿತ್ರ ಆರಿಸಿ, ಮುಂಬಣ್ಣ ತಿಳಿ ಬೂದು ಮಾಡಿ, ಎಡಿಟ್ ಮೆನುವಿನ ಸ್ಟ್ರೋಕ್ ಸೆಲೆಕ್ಷನ್‌ನಲ್ಲಿ 2 ಪಿಕ್ಸೆಲ್ ಕೊಡಿ. ಅರ್ಧ ಗೆರೆ ಚಿತ್ರದ ಹೊರಗೆ ಬಿದ್ದು ಕಾಣೆಯಾಗುತ್ತದೆ, ಒಳಗೆ ಉಳಿಯುವುದು 1 ಪಿಕ್ಸೆಲ್. ಅಳತೆ ಬದಲಾಗುವುದಿಲ್ಲ. ಇನ್ನು ಸುತ್ತ ಬಿಳಿ ಜಾಗ: ಇಮೇಜ್, ಕ್ಯಾನ್ವಾಸ್ ಸೈಜ್, ಅಗಲ ಎತ್ತರಗಳನ್ನು ಬೆಸೆಯುವ ಸರಪಳಿ ಗುರುತು ಬಿಡಿಸಿ 430×560 ಬರೆದು ಸೆಂಟರ್ ಒತ್ತಿ, ರೀಸೈಜ್ ಮಾಡಿ, ಕೊನೆಗೆ ಇಮೇಜ್, ಫ್ಲಾಟನ್. ಫ್ಲಾಟನ್ ಮಾಡುವಾಗ ಹಿಂಬಣ್ಣ ಬಿಳಿಯೇ ಇರಬೇಕು. ಖಾಲಿ ಜಾಗ ತುಂಬುವುದು ಅದರಿಂದಲೇ.

ಒಂದನ್ನು ನಾಲ್ಕು ಮಾಡಲು ಯಾರೂ ಒಂದೊಂದೇ ಕಾಪಿ ಮಾಡಿ ಎಳೆದು ಜೋಡಿಸಬೇಕಿಲ್ಲ. ಫಿಲ್ಟರ್ಸ್, ಮ್ಯಾಪ್, ಟೈಲ್. ಇಲ್ಲೂ ಸರಪಳಿ ಬಿಡಿಸಿ ಅಗಲ 1720, ಎತ್ತರ 560 ಕೊಟ್ಟರೆ ನಾಲ್ಕು ಫೋಟೊಗಳ ಪಟ್ಟಿ ಸಿದ್ಧ. ಅಗಲಕ್ಕೆ 1700 ಎಂದೋ 1750 ಎಂದೋ ಕೊಟ್ಟರೆ ಕೊನೆಯ ಫೋಟೊ ತುಂಡಾಗುತ್ತದೆ, ಇಲ್ಲವೇ ಐದನೆಯದರ ಚೂರು ಇಣುಕುತ್ತದೆ. 430ರ ಗುಣಕವೇ ಆಗಬೇಕು. ಪಟ್ಟಿಯನ್ನು ಜೆಪೆಗ್ ಆಗಿ, ಗುಣಮಟ್ಟ 95 ಇಟ್ಟು, ಮಗುವಿನ ಕ್ರಮಸಂಖ್ಯೆಯ ಹೆಸರಿನಲ್ಲೇ ಎಕ್ಸ್‌ಪೋರ್ಟ್ ಮಾಡಿ: 01, 02, ಹೀಗೆ 42ರವರೆಗೆ. ಕಮಾಂಡ್ ಬರೆಯಲು ಅಂಜದವರು ಈ ಜೋಡಣೆಯನ್ನು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದ ಮೊಂಟಾಜ್ ಕಮಾಂಡಿನಿಂದ ಒಟ್ಟಿಗೇ ಮಾಡಿಸಬಹುದು. ಆದರೆ ಮುಖ ನೋಡಿ ಕ್ರಾಪ್ ಮಾಡುವುದು ಕೈಯಿಂದಲೇ ಆಗಬೇಕು.

ಪಟ್ಟಿಗಳನ್ನು ಹಾಳೆಗೆ ಕೂರಿಸಲು ಲಿಬ್ರೆ ಆಫೀಸಿನ ಡ್ರಾ ಎಂಬ ಚಿತ್ರ ಜೋಡಿಸುವ ತಂತ್ರಾಂಶ ಬಹಳ ಅನುಕೂಲ. ಅಲ್ಲಿ ನೇರವಾಗಿ ಮಿಲಿಮೀಟರಿನಲ್ಲಿ ಮಾತಾಡಬಹುದು, ಪಕ್ಕದಲ್ಲಿ ಕನ್ನಡದಲ್ಲಿ ಹೆಸರೂ ಬರೆಯಬಹುದು. ಎ4 ಪುಟ ಉದ್ದುದ್ದ ಇಟ್ಟು ಮೊದಲ ಪಟ್ಟಿ ಸೇರಿಸಿ ಎಫ್4 ಒತ್ತಿ. ಅಗಲ 145.6 ಮಿಮೀ, ಎತ್ತರ 47.4 ಮಿಮೀ, ಎಡದಿಂದ 14, ಮೇಲಿಂದ 6.3. ಬಲಕ್ಕೆ ಒಂದು ಪಠ್ಯ ಚೌಕ, ಎಡದಿಂದ 161.6 ಮಿಮೀಗೆ, ಅಗಲ 35. ಎರಡನ್ನೂ ಒಟ್ಟಿಗೆ ಆರಿಸಿ ಶಿಫ್ಟ್+ಎಫ್3 ಒತ್ತಿದರೆ ಡ್ಯೂಪ್ಲಿಕೇಟ್ ಪೆಟ್ಟಿಗೆ ತೆರೆಯುತ್ತದೆ. ಪ್ರತಿಗಳು 5, ಎಕ್ಸ್ ಅಕ್ಷ 0, ವೈ ಅಕ್ಷ 47.4 ಮಿಮೀ. ಆರು ಸಾಲು ಅಚ್ಚುಕಟ್ಟಾಗಿ ಇಳಿದು ಬರುತ್ತವೆ, ಕೆಳಗೂ 6.3 ಮಿಮೀ ಉಳಿಯುತ್ತದೆ. ಇದೇ ಪುಟವನ್ನು ನಕಲು ಮಾಡಿ ಏಳು ಪುಟ ಮಾಡಿಕೊಂಡು, ಪ್ರತಿ ಪಟ್ಟಿಯ ಮೇಲೆ ಬಲ ಗುಂಡಿ ಒತ್ತಿ ರಿಪ್ಲೇಸ್ ಆರಿಸಿ, ಆಯಾ ಮಗುವಿನ ಪಟ್ಟಿ ಹಾಕುತ್ತ ಹೋಗುವುದು. ಎಲ್ಲ ಪಟ್ಟಿಗಳೂ ಒಂದೇ ಅಳತೆಯವಾದ್ದರಿಂದ ಕಟ್ಟು ಕದಲುವುದಿಲ್ಲ. ಅನುಮಾನ ಬಂದಲ್ಲಿ ಎಫ್4 ಒತ್ತಿ ನೋಡಿ. ಹೆಸರುಗಳನ್ನು ಯೂನಿಕೋಡಿನಲ್ಲೇ ಟೈಪಿಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಹೆಸರು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಹಾಳೆ ಮುಗಿದ ಮೇಲೆ ಪಿಡಿಎಫ್ ಮಾಡಿ. ಫಾಂಟು ಅದರೊಳಗೇ ಸೇರಿರುತ್ತದೆ, ಯಾವ ಯಂತ್ರದಲ್ಲಿ ತೆರೆದರೂ ಅಳತೆಯೂ ಅಲುಗದು.

ಮನೆಯಲ್ಲಿ ಒಬ್ಬರಿಗೇ ಫೋಟೊ ಬೇಕಾದಾಗ ಡ್ರಾ ಬೇಕೇ ಇಲ್ಲ. ಅದೇ 430×560 ಚಿತ್ರವನ್ನು ಟೈಲ್‌ನಲ್ಲಿ 1720×1120 ಮಾಡಿದರೆ ಎಂಟು ಫೋಟೊ. ಕ್ಯಾನ್ವಾಸನ್ನು 1800×1200ಕ್ಕೆ ಹಿಗ್ಗಿಸಿ ಸೆಂಟರ್ ಮಾಡಿ ಫ್ಲಾಟನ್ ಮಾಡಿದರೆ ಅಡ್ಡ ಹಿಡಿದ 4×6 ಹಾಳೆ ಸಿದ್ಧ. ಎಡಬಲಗಳಲ್ಲಿ ಸುಮಾರು 4 ಮಿಮೀ ಬಿಳಿ ಉಳಿಯುತ್ತದೆ. ಅದು ವ್ಯರ್ಥವಲ್ಲ: ಬಹಳಷ್ಟು ಇಂಕ್‌ಜೆಟ್‌ಗಳು ಹಾಳೆಯ ಅಂಚಿನ 3 ಮಿಮೀ ಮುಟ್ಟುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವ ಮೊದಲು ಇಮೇಜ್, ಪ್ರಿಂಟ್ ಸೈಜ್‌ನಲ್ಲಿ ಅಗಲ 152.4 ಮಿಮೀ ತೋರಿಸುತ್ತಿದೆಯೇ ನೋಡಿ. ಬೇರೆ ಅಂಕಿ ಇದ್ದರೆ ರೆಸಲ್ಯೂಶನ್ 300 ಇಲ್ಲವೆಂದರ್ಥ, ಅಲ್ಲೇ ತಿದ್ದಿದರಾಯಿತು.

ವಿಂಡೋಸಿನಲ್ಲಿ ಫೋಟೊಗಳನ್ನು ಆರಿಸಿ ಬಲ ಗುಂಡಿ ಒತ್ತಿ ಪ್ರಿಂಟ್ ಎಂದರೆ ಬರುವ ಕಿಟಕಿಯಲ್ಲೂ ಹಲವು ಫೋಟೊ ಒಂದೇ ಹಾಳೆಗೆ ಕೂರುತ್ತವೆ: ವಾಲೆಟ್ ಅಳತೆಯಲ್ಲಿ ಒಂಬತ್ತು, ಸಣ್ಣ ಸಣ್ಣ ಚಿತ್ರಗಳ ಕಾಂಟ್ಯಾಕ್ಟ್ ಶೀಟಿನಲ್ಲಿ ಮೂವತ್ತೈದು. ಮದುವೆ, ಪ್ರವಾಸದ ಚಿತ್ರಗಳಿಗೆ ಇಷ್ಟು ಸಾಕು. 35×45 ಅಲ್ಲಿಲ್ಲ, ಜೊತೆಗೆ ಫಿಟ್ ಪಿಕ್ಚರ್ ಟು ಫ್ರೇಮ್ ಎಂಬ ಟಿಕ್ ಚಿತ್ರದ ಅಂಚು ಕತ್ತರಿಸಿ ನೆತ್ತಿ ಹಾರಿಸಿಬಿಡಬಹುದು, ಅದನ್ನು ತೆಗೆಯಿರಿ. ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶ ಹಗುರ, ಅದರ ಥಂಬ್‌ನೇಲ್ ಕಿಟಕಿಯಿಂದ ಕಾಂಟ್ಯಾಕ್ಟ್ ಶೀಟ್ ಬೇಗ ಆಗುತ್ತದೆ. ಅದು ಮನೆಗೂ ಶಾಲೆಗೂ ಉಚಿತ, ಅಂಗಡಿ ನಡೆಸುವವರು ಪರವಾನಗಿ ಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕವನ್ನು ಕೆಡಿಸುವ ಜಾಗ ಪ್ರಿಂಟ್ ಕಿಟಕಿ. ಪಿಡಿಎಫ್ ತೆರೆದು ಪ್ರಿಂಟ್ ಕೊಟ್ಟರೆ ಹಲವು ಕಡೆ ಫಿಟ್ ಎಂಬುದೇ ಮೊದಲಿಂದ ಆಯ್ಕೆಯಾಗಿರುತ್ತದೆ. ಅದು ಪುಟವನ್ನು ಪ್ರಿಂಟರಿನ ಅಂಚಿನೊಳಗೆ ತುರುಕಲು ಶೇ. 3ರಷ್ಟು ಕುಗ್ಗಿಸಬಹುದು, ಆಗ 35 ಮಿಮೀ ಫೋಟೊ 34 ಆಗುತ್ತದೆ. ಆಕ್ಚುಯಲ್ ಸೈಜ್ ಅಥವಾ 100% ಆರಿಸಬೇಕು. ಬಾರ್ಡರ್‌ಲೆಸ್ ಇದ್ದರೆ ತದ್ವಿರುದ್ಧ: ಅಂಚಿಗೆ ಬಿಳಿ ಉಳಿಯದಿರಲೆಂದು ಪ್ರಿಂಟರು ಚಿತ್ರವನ್ನು ತುಸು ಹಿಗ್ಗಿಸಿ ಹೊರಗಿನದನ್ನು ಬಿಟ್ಟುಬಿಡುತ್ತದೆ. ಗಿಂಪ್‌ನಿಂದ ನೇರ ಮುದ್ರಿಸುವವರು ಇಮೇಜ್ ಸೆಟ್ಟಿಂಗ್ಸ್ ಪುಟದಲ್ಲಿ ಅಳತೆ ನೋಡಿ, ಇಗ್ನೋರ್ ಪೇಜ್ ಮಾರ್ಜಿನ್ಸ್‌ಗೆ ಟಿಕ್ ಹಾಕಬೇಕು. ಮೊದಲ ಪುಟವನ್ನು ಸಾದಾ ಹಾಳೆಯಲ್ಲಿ ಮುದ್ರಿಸಿ ಸ್ಕೇಲಿಟ್ಟು ಅಳೆಯಿರಿ. ಒಂದೇ ಫೋಟೊ ಅಳೆದರೆ ಒಂದು ಮಿಮೀ ವ್ಯತ್ಯಾಸ ಕಣ್ಣು ತಪ್ಪಿಸುತ್ತದೆ, ಸಾಲು ಅಳೆಯಬೇಕು. ಮೊದಲ ಫೋಟೊದ ಎಡಗೆರೆಯಿಂದ ನಾಲ್ಕನೆಯದರ ಬಲಗೆರೆಗೆ 144 ಮಿಮೀ ಬರಬೇಕು. 140 ಬಂದರೆ ಕುಗ್ಗಿದೆ, 147 ದಾಟಿದರೆ ಹಿಗ್ಗಿದೆ. ಸರಿಯಾಗುವ ತನಕ ಗ್ಲಾಸಿ, ಅಂದರೆ ಹೊಳಪಿನ ಫೋಟೊ ಪೇಪರನ್ನು ಟ್ರೇಗೆ ಇಡಲೇಬೇಡಿ.

ಪೇಪರು 180ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಅರ್ಜಿಗೆ ಅಂಟಿಸಲು ಸಾಕು; ಇನ್ನೂ ದಪ್ಪನೆಯದು ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಪ್ರಿಂಟ್ ಕಿಟಕಿಯಲ್ಲಿ ಪೇಪರ್ ಟೈಪನ್ನು ಗ್ಲಾಸಿ ಎಂದು ಬದಲಿಸುವುದನ್ನು ಮಾತ್ರ ಮರೆಯಬಾರದು. ಟ್ಯಾಂಕ್ ಇರುವ ಅನೇಕ ಪ್ರಿಂಟರುಗಳಲ್ಲಿ ಕಪ್ಪು ಶಾಯಿ ಪಿಗ್ಮೆಂಟ್ (ನುಣ್ಣನೆಯ ಬಣ್ಣದ ಪುಡಿ ತೇಲುವ ಶಾಯಿ), ಬಣ್ಣದ ಶಾಯಿ ಡೈ (ಬಣ್ಣ ಪೂರ್ತಿ ಕರಗಿದ ಶಾಯಿ). ಪಿಗ್ಮೆಂಟ್ ಗ್ಲಾಸಿ ಲೇಪನಕ್ಕೆ ಇಳಿಯದೆ ಮೇಲೇ ಕೂರುತ್ತದೆ. ಪ್ಲೇನ್ ಎಂದೇ ಬಿಟ್ಟರೆ ಪ್ರಿಂಟರು ಆ ಕಪ್ಪನ್ನೇ ಬಳಸುತ್ತದೆ, ಬೆರಳು ತಾಗಿದರೆ ಕೂದಲ ಕಪ್ಪು ಮುಖಕ್ಕೆಲ್ಲ ಸವರಿಕೊಳ್ಳುತ್ತದೆ. ಗ್ಲಾಸಿ ಎಂದು ಹೇಳಿದರೆ ಕಪ್ಪನ್ನು ಬಣ್ಣಗಳಿಂದಲೇ ಬೆರೆಸಿ ಮಾಡುತ್ತದೆ. ಇಂಕ್‌ಜೆಟ್‌ನ ಗ್ಲಾಸಿ ಪೇಪರನ್ನು ಲೇಸರ್ ಪ್ರಿಂಟರಿಗೆ ಎಂದೂ ಹಾಕಬಾರದು; ಒಳಗಿನ ಬಿಸಿ ರೋಲರಿಗೆ ಲೇಪನ ಕರಗಿ ಅಂಟಿದರೆ ಯಂತ್ರವೇ ಹಾಳು. ಹಾಳೆಯನ್ನು ಒಂದೊಂದಾಗಿ ಕೊಡಿ. ಮುಖದ ಮೇಲೆ ಅಡ್ಡ ಗೆರೆ ಕಂಡರೆ ನಿಲ್ಲಿಸಿ ನಾಝಲ್ ಚೆಕ್, ಅಂದರೆ ಶಾಯಿ ಚಿಮ್ಮುವ ರಂಧ್ರಗಳ ಪರೀಕ್ಷೆ, ಮಾಡಿ. ಪರದೆಯಲ್ಲಿ ಕಂಡದ್ದಕ್ಕಿಂತ ಮುದ್ರಣ ಸಾಮಾನ್ಯವಾಗಿ ತುಸು ಕಪ್ಪೇ ಬರುತ್ತದೆ. ಕಪ್ಪು ಮೈಬಣ್ಣದ ಮಕ್ಕಳ ಕಣ್ಣು ರೆಪ್ಪೆಗಳ ವಿವರ ಅಲ್ಲಿ ಮುಚ್ಚಿಹೋಗಬಾರದು. ಗಿಂಪ್‌ನ ಕರ್ವ್ಸ್‌ನಲ್ಲಿ ಗೆರೆಯ ನಡುವನ್ನು ಸ್ವಲ್ಪ ಮೇಲೆತ್ತಿದರೆ ಮುಖ ತಿಳಿಯಾಗಿ ಕಾಣುತ್ತದೆ. ಚರ್ಮದ ಬಣ್ಣವನ್ನೇ ಬೆಳ್ಳಗೆ ಮಾಡುವ ಫಿಲ್ಟರುಗಳ ಸಹವಾಸ ಬೇಡ, ಮಗು ಇರುವಂತೆಯೇ ಇರಲಿ.

ಮಳೆಗಾಲದ ತೇವದಲ್ಲಿ ಶಾಯಿ ಒಣಗುವುದು ನಿಧಾನ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಫ್ಯಾನಿನ ಗಾಳಿ ನೇರ ತಾಗದಂತೆ ಅರ್ಧ ಗಂಟೆಯಾದರೂ ಬಿಟ್ಟೆವು. ಕತ್ತರಿಸಲು ಕತ್ತರಿಗಿಂತ ಕಟರ್ ಮತ್ತು ಸ್ಟೀಲ್ ಸ್ಕೇಲು ಮೇಲು. ಮೊದಲು ಸಾಲುಗಳ ನಡುವೆ ಅಡ್ಡಕ್ಕೆ ಕೊಯ್ದು ಆರು ಪಟ್ಟಿ ಮಾಡಿ. ಫೋಟೊಗಳನ್ನು ಆಗಲೇ ಬಿಡಿಸದೆ, ಹೆಸರಿನ ತುದಿ ಸಮೇತ ಪಟ್ಟಿಯನ್ನು ಆಯಾ ಮಗುವಿನ ಅರ್ಜಿಗೆ ಕ್ಲಿಪ್ ಹಾಕಿ. ಬೂದುಗೆರೆ ಹಿಡಿದು ಒಂದೊಂದನ್ನು ಬಿಡಿಸುವುದು ಅಂಟಿಸುವ ಹೊತ್ತಿಗೆ.

ಖಾಲಿ ಪಟ್ಟಿಗಳಿರುವ ಡ್ರಾ ಕಡತವನ್ನು ಮುಂದಿನ ವರ್ಷಕ್ಕೆಂದು ಉಳಿಸಿಕೊಂಡೆವು. ಮಕ್ಕಳ ಮುಖಗಳಿರುವ ಕಡತಗಳು ಶಾಲೆಯ ಪೆನ್‌ಡ್ರೈವಿಗೆ ಹೋದವು. ಪ್ರಿಂಟಿಗೆಂದು ಸೈಬರ್ ಸೆಂಟರಿನ ಕಂಪ್ಯೂಟರಿಗೆ ಒಯ್ಯುವವರು ಕೆಲಸ ಮುಗಿದ ಮೇಲೆ ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ಅವನ್ನು ಅಳಿಸಿ, ವಾಟ್ಸ್‌ಆಪ್ ವೆಬ್ ಲಾಗ್‌ಔಟ್ ಮಾಡಿಯೇ ಕುರ್ಚಿ ಬಿಟ್ಟೇಳಬೇಕು.